ಬಿತ್ತನೆ ರಾಗಿಯ ರವಿಕೆ

ನಾನು ಹೆಂಡತಿಯ ರವಿಕೆಯೊಳಗೆ ರಾಗಿ ಬೆಳೆದವನು. ನಂಬಬೇಡಿ. ತಾಕತ್ತಿದ್ದರೆ ಕೊನೆಯ ಸಾಲಿನವರೆಗೂ ನಂಬದೆ ಇರಿ, ನೋಡೇಬಿಡೋಣ.

ಕೊಡ್ಲಿಪೇಟೆ ಸುತ್ತಮುತ್ತ ನನ್ನ ಮಾತನ್ನು ಹೇಗೂ ಯಾರೂ ನಂಬುವುದಿಲ್ಲ. ಅದು ನಾನೇ ಕಷ್ಟಪಟ್ಟು ಸಂಪಾದಿಸಿದ ಹೆಸರು. 'ಆನೆಗಳು ಬೆಲ್ ಒತ್ತಿ ಒಳಗೆ ಬರತಕ್ಕದ್ದು' ಎಂದು ತೋಟದ ಗೇಟಿಗೆ ಬೋರ್ಡ್ ಹಾಕಿಸಿದವನು ನಾನು. ಹೊಸದಾಗಿ ಬಂದ ಫಾರೆಸ್ಟ್ ಗಾರ್ಡ್ ಒಬ್ಬ ಅದನ್ನು ಓದಿ, ಬೆಲ್ ಎಲ್ಲಿದೆ ಎಂದು ಗೇಟಿನ ಎರಡೂ ಕಂಬ ತಡವಿ ನೋಡಿದ್ದ. ಇನ್ನೊಂದು ಸಾರಿ ರವಿಕೆ ಕಣಕ್ಕೆ ಗುರುತು ಮಾಡಿ ಊರಿಗೆ ಬಿಟ್ಟಿದ್ದೆ. ನಮ್ಮಲ್ಲಿ ಮನೆಗೆ ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಅರಿಶಿನ ಕುಂಕುಮದ ಜೊತೆ ಒಂದು ಕಣ ಕೊಡುತ್ತಾರೆ. ಅದನ್ನು ಹೊಲಿಸಿ ಹಾಕಿಕೊಂಡವರನ್ನು ನಾನಂತೂ ನೋಡಿಲ್ಲ. ತೆಗೆದುಕೊಂಡವರು ಬೀರುವಿನಲ್ಲಿಡುತ್ತಾರೆ, ತಮ್ಮ ಮನೆಗೆ ಯಾರಾದರೂ ಬಂದಾಗ ಅದನ್ನೇ ಕೊಟ್ಟು ಕಳಿಸುತ್ತಾರೆ. ಹೀಗೆ ಒಂದು ನೇರಳೆ ಬಣ್ಣದ ಕಣದ ಮೂಲೆಗೆ ಕೆಂಪು ದಾರದ ಗಂಟು ಹಾಕಿ ಕೊಡಿಸಿದೆ. ಮುಂದಿನ ಗೌರಿ ಹಬ್ಬಕ್ಕೆ ಅದು ಊರೆಲ್ಲ ಪ್ರದಕ್ಷಿಣೆ ಹಾಕಿ ನಮ್ಮ ಮನೆಗೇ ಬಂತು. ನನ್ನ ಹೆಂಡತಿ ದಾಕ್ಷಾಯಿಣಿ ಆ ಗಂಟು ನೋಡಿ, ಅದನ್ನು ತಂದವರ ಎದುರಿಗೆ ನಗಲೂ ಆಗದೆ, ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದ್ದಳು.

ಆ ನಗುವಿನ ಸುದ್ದಿ ಹೇಳಲೆಂದೇ ಇಷ್ಟು ಸುತ್ತು ಹಾಕಿದೆ.

ಮೊನ್ನೆ ಚೆಟ್ಟಳ್ಳಿಯಲ್ಲಿ ತಂಗಿಯ ಮಗಳ ಮನೆಗೆ ಹೋಗಿದ್ದೆ. ಮಗುವಿಗೆ ರಾಗಿ ಸರಿ ಮಾಡಲು ಮೊಳಕೆ ಬರಿಸಿದ ರಾಗಿಯನ್ನು ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಿತ್ತೋ ಇಲ್ಲವೋ, ನಾನು ಎದ್ದು ಹೊರಗೆ ಬಂದು, ಅಂಗಳದಲ್ಲಿದ್ದ ಅವರ ಜೀಪಿನ ಹಿಂದೆ ನಿಂತುಬಿಟ್ಟೆ. "ಮಾವ, ಕಾಫಿ ಆರೋಗ್ತದೆ," ಎಂದು ಅವಳು ಕೂಗುತ್ತಲೇ ಇದ್ದಳು. ನಾನು ಮಾತ್ರ ಕೆಲವು ವರ್ಷ ಹಿಂದಿನ ಒಂದು ಆಷಾಢದಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ದಾಕ್ಷಾಯಿಣಿಯ ಎಡಗಡೆಯ ಎದೆ ತೆಗೆದಿದ್ದರು. ಗಂಟು ಕ್ಯಾನ್ಸರ್ ಆಗಿತ್ತು. ಆಮೇಲೆ ಕೀಮೋ ಶುರುವಾಯಿತು. ಎರಡು ಸುತ್ತು ಮುಗಿಯುವಷ್ಟರಲ್ಲಿ ತಲೆಯ ಕೂದಲು ದಿಂಬಿನ ಮೇಲೆ ಬಂತು, ಮಳೆ ಊರಿನ ಮೇಲೆ ಬಂತು. ಮೂರನೆಯ ಸುತ್ತಿಗೆ ಹೊರಡಬೇಕಾದ ದಿನ ಬೆಳಗ್ಗೆ ಅವಳು ಗೋಡೆ ಕಡೆ ತಿರುಗಿ ಮಲಗಿ ಒಂದೇ ಮಾತು ಹೇಳಿದಳು:

"ನಾನು ಬರಾಕಿಲ್ಲ."

"ಯಾಕೆ?"

"ಹಾಕ್ಕೊಳಾಕೆ ಬಟ್ಟೆ ಇಲ್ಲ."

ನೀವು ಗಂಡಸರಾದರೆ ನಿಮಗೂ ನಗು ಬಂದಿರುತ್ತದೆ. ನನಗೂ ಬಂತು. ಒದ್ದು ಬಾಗಿಲು ಹಾಕಬೇಕಾದಷ್ಟು ತುಂಬಿದ ಕಬ್ಬಿಣದ ಬೀರು ಅವಳದು. ಊರಿನಲ್ಲಿ ಯಾವ ಮದುವಣಗಿತ್ತಿಗೆ ಸೀರೆ ಉಡಿಸಬೇಕಾದರೂ ಇವಳನ್ನೇ ಕರೆಯುತ್ತಿದ್ದರು. ಡೇರಿಗೆ ಹಾಲು ಹಾಕಲು ಹೋಗುವಾಗಲೂ ನೆರಿಗೆ ಒಂದರ ಮೇಲೊಂದು ಕೂತಿರಬೇಕು. "ಹೌದೌದು, ಪಾಪ, ಇರೋದು ಒಂದೇ ಬೀರು," ಎಂದೆ.

ಅವಳು ಎದ್ದಳು. ಬೀರು ತೆಗೆದಳು. ಮಳೆಗಾಲದಲ್ಲಿ ಕೊಡಗಿನ ಬೀರು ತೆರೆದರೆ ಬೂಷ್ಟು, ನುಸಿಗುಳಿಗೆ, ಒಲೆ ಹೊಗೆ ಮೂರೂ ಸೇರಿ ಎದುರಿಗೆ ಬರುತ್ತವೆ. ರೇಷ್ಮೆಯ ಅಂಚಿನ ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಒಂದು ಹಸಿರು ರವಿಕೆ ಎಳೆದು ನೈಟಿಯ ಮೇಲೇ ಹಾಕಿಕೊಂಡಳು. ಬಲಗಡೆ ಸಡಿಲವಾಗಿ ನಿಂತಿತು. ಎಡಗಡೆ, ಬಿಸಿಲಿಗೆ ಒಣಹಾಕಿದ ಖಾಲಿ ಚೀಲದ ಹಾಗೆ, ಮುದುಡಿ ಕೆಳಗೆ ಬಿತ್ತು.

"ಇದನ್ನ ಹಾಕ್ಕೊಂಡು ಬರ್ಲಾ? ಇಲ್ಲ ಇದನ್ನ?" ಎಂದು ಇನ್ನೊಂದು ತೆಗೆದಳು. "ಹೇಳ್ರಿ. ನೀವು ಮಾತಲ್ಲಿ ಹುಷಾರಲ್ವಾ. ಬಸ್‌ಸ್ಟ್ಯಾಂಡಲ್ಲಿ ಜನ ಎಲ್ಲಿ ನೋಡ್ತಾರೆ ಹೇಳ್ರಿ."

ಮಾತಿನಲ್ಲಿ ಹುಷಾರಾದ ನಾನು ಬಾಗಿಲ ಚಿಲಕ ನೋಡುತ್ತ ನಿಂತೆ.

ಆಸ್ಪತ್ರೆಗೆ ಫೋನ್ ಮಾಡಿದೆ. ಮಳೆಗೆ ಮರ ಬಿದ್ದಿದೆ, ರಸ್ತೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಡಾಕ್ಟರು ಕೆಟ್ಟವರಲ್ಲ, ಆದರೆ ಮೆತ್ತಗೆ ಮಾತಾಡುವವರೂ ಅಲ್ಲ. "ಮುಂದಿನ ವಾರ ಕರ್ಕೊಂಡು ಬನ್ನಿ. ನಡುವೆ ಬಿಟ್ರೆ ಅದು ಮತ್ತೆ ತಲೆ ಎತ್ತುತ್ತೆ. ಆಮೇಲೆ ಬಂದು ನನ್ನ ಕೈ ಹಿಡ್ಕೊಂಡ್ರೆ ಪ್ರಯೋಜನ ಇಲ್ಲ," ಎಂದರು.

ಒಂದು ವಾರ. ಅಷ್ಟರಲ್ಲಿ ಅವಳನ್ನು ಹೊಸ್ತಿಲು ದಾಟಿಸಬೇಕು.

ನನ್ನ ಹತ್ತಿರ ಇದ್ದ ಆಯುಧ ಒಂದೇ, ಕೀಟಲೆ. ಅವಳ ಕೋಣೆಯ ಕಿಟಕಿಯ ಹೊರಗೆ ನಿಂತು ಪಶುವೈದ್ಯರ ದನಿಯಲ್ಲಿ ಮಾತಾಡಿದೆ. ಮಾವನವರ ಹಳೇ ಪೇಟ ಸುತ್ತಿ, ಗೋಣಿಕೊಪ್ಪೆ ಹೊದ್ದು, ಹೆಣ್ಣು ನೋಡಲು ಬಂದಿದ್ದೇನೆ ಎಂದೆ. ಮೊದಲಾದರೆ ಸೌಟು ಹಿಡಿದು ಓಡಿಸುತ್ತಿದ್ದಳು. ಈಗ ಕಣ್ಣು ಕೂಡ ತಿರುಗಿಸಲಿಲ್ಲ. ನೋಡಲು ಬಂದ ಹೆಂಗಸರಿಗೆ, ಮಲಗಿದ್ದಾಳೆ ಎಂದು ಜಗಲಿಯಿಂದಲೇ ಹೇಳಿ ಕಳಿಸಬೇಕಾಯಿತು. ಕೊನೆಗೆ ಕೊಟ್ಟಿಗೆಗೆ ಹೋಗಿ, ಹಸುವಿನ ಎದುರಿಗೆ ಒಂದು ಜೋಕನ್ನು ಮೊದಲು ಹೇಳಿ ನೋಡಿದೆ. ಹಸು ಮೂತ್ರ ಮಾಡಿತು. ಆವತ್ತು ಕೊಟ್ಟಿಗೆಯಲ್ಲಿ ನಾನು ಅತ್ತೆ. ಇದನ್ನೂ ನಂಬಬೇಡಿ ಬೇಕಾದರೆ.

ಸೋಮವಾರಪೇಟೆಗೆ ಹೋಗಿ ದೊಗಲೆ ಚೂಡಿದಾರ್ ಒಂದನ್ನು ತಂದೆ. "ಇದನ್ನ ನೀವೇ ಹಾಕ್ಕೊಂಡು ಸಂತೆಗೆ ಹೋಗ್ರಿ," ಎಂದು ಮಂಚದ ಕೆಳಗೆ ಎಸೆದಳು. ಆಪರೇಶನ್ ಆದವರಿಗೆಂದೇ ಮಾಡಿದ ಒಂದು ಮೆತ್ತೆ ಮೈಸೂರಿನಲ್ಲಿ ಸಿಗುತ್ತದೆ ಎಂದು ನರ್ಸಮ್ಮ ಮೊದಲೇ ಹೇಳಿದ್ದರು. ಆದರೆ ಅಳತೆ ಕೊಡಲು ಇವಳೇ ಹೋಗಬೇಕು. ಹೋಗಬೇಕಾದರೆ ಅದು ಬೇಕು. ಅದು ಬೇಕಾದರೆ ಹೋಗಬೇಕು. ಮಳೆ ನೋಡುತ್ತ ಕೂತವನಿಗೆ ಈ ಗಾಣ ತಲೆಯೊಳಗೆ ಸುತ್ತುತ್ತಲೇ ಇತ್ತು.

ಕೊನೆಗೆ ಅವಳು ಸ್ನಾನಕ್ಕೆ ಹೋದಾಗ ಆ ಹಸಿರು ರವಿಕೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಪೇಟೆಗೆ ಹೋದೆ. ದಾಕ್ಷಾಯಿಣಿಗೆ ವರ್ಷಗಳಿಂದ ರವಿಕೆ ಹೊಲಿಯುವವಳು ನೂರ್‌ಜಹಾನ್, ನಮಗೆಲ್ಲ ನೂರಿ. ಹೊಲಿಗೆ ಮಿಶಿನ್ನಿಗಿಂತ ಬಾಯಿಯೇ ಜೋರು. ಅಂಗಡಿಯಲ್ಲಿ ಇನ್ನಿಬ್ಬರು ಹೆಂಗಸರಿದ್ದರು. ಅವರು ಹೋಗುವವರೆಗೂ ನಾನು ಬಟನ್ ಡಬ್ಬ ನೋಡುತ್ತ ನಿಂತೆ.

"ಏನಣ್ಣಾ, ಬಟನ್ ವ್ಯಾಪಾರ ಶುರು ಮಾಡಿದ್ರಾ?"

"ಇಲ್ಲ ನೂರಿ. ಇದು... ಇದರ ಎಡಗಡೆ... ಅಂದ್ರೆ ಒಂದು ಕಡೆ..." ಊರು ತುಂಬ ಮಾತಾಡುವ ನನ್ನ ನಾಲಿಗೆಗೆ ಆ ಒಂದು ಪದ ಹತ್ತಲಿಲ್ಲ.

ಅವಳು ರವಿಕೆ ಕೈಗೆ ತೆಗೆದುಕೊಂಡು, ಮಿಶಿನ್ ನಿಲ್ಲಿಸಿದಳು. "ಸುಮ್ನಿರಿ ಅಣ್ಣಾ. ಗೊತ್ತಾಯ್ತು. ಅಕ್ಕ ನನ್ನ ಹತ್ರ ಯಾಕೆ ಬರ್ತಾ ಇಲ್ಲ ಅಂತ ಈಗ ಗೊತ್ತಾಯ್ತು." ಹೆಗಲ ಮೇಲಿನ ಟೇಪು ತೆಗೆದು ರವಿಕೆ ಅಳೆಯುತ್ತ, "ಒಳಗೆ ಒಂದು ಜೇಬು ಇಟ್ಟು, ಹತ್ತಿ ತುಂಬಿದ ಚೀಲ ಮಾಡ್ತೀನಿ. ಕತ್ತು ಮೇಲಕ್ಕೆ, ತೋಳು ಮೊಣಕೈತನಕ. ಹೊಸ ಬಟ್ಟೆ ತನ್ನಿ. ಒಂದಲ್ಲ, ನಾಲ್ಕೈದು ಮಾಡ್ಬೇಕು. ಹೆಂಗಸಿಗೆ ಒಂದು ರವಿಕೆ ಸಾಲಲ್ಲ," ಎಂದಳು.

ಹೊಸ ಬಟ್ಟೆ ಎಲ್ಲಿಂದ ತರಲಿ ಎಂದು ಯೋಚಿಸುವಾಗ ನೆನಪಾಯಿತು, ಬೀರುವಿನ ಕೆಳಗಿನ ಖಾನೆ ತುಂಬ ಕಣಗಳು. ಮನೆಗೆ ಬಂದವನೇ ಗಂಟು ಕಟ್ಟತೊಡಗಿದೆ. ದಾಕ್ಷಾಯಿಣಿ ಮಂಚದಿಂದ ನೋಡಿದಳು.

"ಅದ್ಯಾಕ್ರಿ ಮುಟ್ತೀರಿ? ಅವು ಕೊಡೋ ಕಣ. ಬಂದೋರಿಗೆ ಏನು ಕೊಡ್ಲಿ?"

"ಯಾರು ಬರ್ತಾರೆ? ಬಂದೋರ್ನೆಲ್ಲ ನೀನು ಜಗಲಿಯಿಂದ್ಲೇ ಕಳಿಸ್ತಿದೀಯ."

ಆಡಬಾರದ ಮಾತು. ಅವಳ ಮುಖ ಇನ್ನಷ್ಟು ಚಿಕ್ಕದಾಯಿತು. ನಾನು ಹೆದರಿ, ಗಂಟಿನಿಂದ ಕೈಗೆ ಸಿಕ್ಕಿದ ಕಣವೊಂದನ್ನು ಎಳೆದು ಅವಳ ತೊಡೆಯ ಮೇಲೆ ಹಾಕಿದೆ. ನೇರಳೆ ಬಣ್ಣ. ಮೂಲೆಯಲ್ಲಿ ಕೆಂಪು ದಾರದ ಗಂಟು.

"ನೋಡು, ಇದು ಊರಲ್ಲಿರೋ ಎಲ್ಲರ ಮನೆ ಕಾಫಿ ಕುಡ್ದು ಬಂದೈತೆ. ಇನ್ನೂ ಎಷ್ಟು ಅಲೀಬೇಕು ಪಾಪ? ಎಲ್ಲಾದ್ರೂ ಒಂದು ಕಡೆ ನಿಲ್ಲಲಿ."

ಅವಳು ಆ ಗಂಟನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು. ಬೇಡ ಎನ್ನಲಿಲ್ಲ. ಬೇಡ ಎನ್ನದೇ ಇದ್ದದ್ದನ್ನು ನಾನು ಹೂಂ ಎಂದು ತಿಳಿದುಕೊಂಡು ಓಡಿದೆ.

ನೂರಿ ಮೊದಲು ಹೊಲಿದದ್ದು ಆ ನೇರಳೆಯನ್ನೇ. ಆದರೆ ಹತ್ತಿಯ ಚೀಲ ಕೈಕೊಟ್ಟಿತು. ದಾಕ್ಷಾಯಿಣಿ ಅಳತೆ ನೋಡಲು ಹಾಕಿಕೊಂಡು, ಬಗ್ಗಿ ಚೊಂಬು ಎತ್ತುವಷ್ಟರಲ್ಲಿ ಹಗುರಾದ ಎಡಗಡೆ ಕತ್ತಿನವರೆಗೂ ಏರಿತು. ಅವಳು ಕನ್ನಡಿ ನೋಡಿ, ಚೀಲ ಕಿತ್ತು ಮೂಲೆಗೆ ಎಸೆದು, "ಸಾಕು, ನನ್ನನ್ನ ಬಿಟ್ಬಿಡ್ರಿ," ಎಂದಳು. ಕೂಗಲಿಲ್ಲ, ಅಳಲಿಲ್ಲ, ಮೆಲ್ಲಗೆ ಹೇಳಿದಳು. ನನಗೆ ಭಯವಾದದ್ದು ಆ ಮೆಲ್ಲಗಿನ ದನಿಗೆ.

ಮರುದಿನ ನೂರಿ ಖಾಲಿ ಚೀಲ ಕೊಟ್ಟು, "ಭಾರ ಬೇಕಣ್ಣಾ. ಆ ಕಡೆ ಎಷ್ಟೋ ಈ ಕಡೆ ಅಷ್ಟು. ಸಾಸಿವೆಯೋ ರಾಗಿಯೋ ಏನಾದ್ರೂ ತುಂಬಿ ನೋಡಿ," ಎಂದಳು. ಎಷ್ಟು ಭಾರ ಎಂದು ಕೇಳಿದ್ದಕ್ಕೆ, "ಅದನ್ನ ನನ್ನ ಕೇಳ್ತೀರಾ? ನಾಚ್ಕೆ ಆಗಲ್ವಾ?" ಎಂದು ಟೇಪಿನಲ್ಲಿ ಬೆನ್ನಿಗೆ ಬಾರಿಸಿದಳು.

ಇಲ್ಲೇ ನೋಡಿ ನನ್ನ ತಲೆ ಓಡಿದ್ದು. ಅಡುಗೆಮನೆ ಡಬ್ಬದಲ್ಲಿ ಮಿಲ್ಲಿಗೆ ಹೋಗುವ ರಾಗಿ ಇತ್ತು. ಅದನ್ನು ಮುಟ್ಟಲಿಲ್ಲ. ಏಣಿ ಹಾಕಿ ಅಟ್ಟಕ್ಕೆ ಹತ್ತಿದೆ. ಆಸ್ಪತ್ರೆಯ ಓಡಾಟದಲ್ಲಿ ಆ ವರ್ಷ ಸಸಿಮಡಿ ಮಾಡಿರಲಿಲ್ಲವಾದ್ದರಿಂದ ಬಿತ್ತನೆ ರಾಗಿ ಮೇಲೆ ಒಲೆ ಹೊಗೆಯಲ್ಲಿ ಬೆಚ್ಚಗೆ ಹಾಗೇ ಕೂತಿತ್ತು. ಅದನ್ನೇ ಮೊರ ತುಂಬ ತೆಗೆದೆ. ಯಾಕೆ? ಕೀಟಲೆಗೆ ಸ್ವಾಮಿ, ಕೀಟಲೆಗೆ! ಬಿತ್ತನೆ ಕಾಳು ಮೋಸ ಮಾಡುವುದಿಲ್ಲ, ನೀರು ಸೋಕಿದರೆ ಮೊಳೆಯುತ್ತದೆ. ದಾಕ್ಷಾಯಿಣಿಯೋ, ಹೊಸ ಬಟ್ಟೆಯನ್ನು ಒಂದು ಸಾರಿ ನೀರಿಗೆ ಹಾಕದೆ ಮೈಮೇಲೆ ಹಾಕುವವಳೇ ಅಲ್ಲ. ಮಗುವಿನ ಸರಿಗೆ ರಾಗಿಯನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಡುವುದು ಯಾರಿಗೆ ಗೊತ್ತಿಲ್ಲ? ಉಳಿದ ಲೆಕ್ಕ ನೀವೇ ಹಾಕಿ. ಇಂಥ ತಲೆ ಇಡೀ ಹೋಬಳಿಯಲ್ಲಿ ಇನ್ನೊಂದಿದ್ದರೆ ತೋರಿಸಿ.

ಮೊರ ತಂದು ಅವಳ ಮುಂದಿಟ್ಟು, "ಎಷ್ಟು ತುಂಬ್ಲಿ?" ಎಂದೆ.

"ಕಾಫಿ ಮಾರೋವಾಗ ತಕ್ಕಡಿ ಮುಳ್ಳು ಕೂದ್ಲೆಳೆ ಆಕಡೆ ಈಕಡೆ ಆದ್ರೆ ಜಗಳಕ್ಕೆ ಬೀಳ್ತೀರಿ. ಮನೆ ಹೆಂಡ್ತಿ ಲೆಕ್ಕ ಗೊತ್ತಿಲ್ವಾ?"

ಆಪರೇಶನ್ ಆದಮೇಲೆ ಅವಳು ನನ್ನನ್ನು ತಮಾಷೆಗೆ ಚುಚ್ಚಿದ ಮೊದಲ ಮಾತು ಅದು. ಮುಳುಗುವವನಿಗೆ ಬೇರು ಸಿಕ್ಕ ಹಾಗಾಯಿತು ನನಗೆ. ಚೀಲಕ್ಕೆ ಹಿಡಿ ಹಿಡಿಯಾಗಿ ರಾಗಿ ಹಾಕಿದೆ. ಅವಳು ಅಂಗೈಯಲ್ಲಿ ತೂಗಿ, ಕಣ್ಣು ಮುಚ್ಚಿ, "ಇನ್ನೊಂದ್ ಸ್ವಲ್ಪ... ಇನ್ನೂ... ಹಾಂ, ಸಾಕು," ಎಂದಳು. ಆಮೇಲೆ ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ. ನಾನೂ ಮೊರ ಎತ್ತಲಿಲ್ಲ. ಹಂಚಿನ ಮೇಲೆ ಮಳೆ ಒಂದೇ ಸಮ ಬಡಿಯುತ್ತಿತ್ತು.

ಅವಳೇ ಚೀಲದ ಬಾಯಿ ಹೊಲಿದಳು. ಚೀಲವನ್ನು ನೇರಳೆ ರವಿಕೆಯ ಜೇಬಿಗೆ ಸೇರಿಸಿ, ಎರಡನ್ನೂ ಒಟ್ಟಿಗೇ ಒಗೆದು, ಒಲೆಯ ಮೇಲಿನ ಹಗ್ಗಕ್ಕೆ ಹಾಕಿದಳು. ಆಷಾಢದಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಬೆಚ್ಚಗಾಗುತ್ತದೆ ಅಷ್ಟೇ. ಮೂರು ದಿನ ಬೆಚ್ಚಗಾಯಿತು.

ಹೊರಡುವ ದಿನ ಜೀಪು ತಂದವರು ಪಕ್ಕದ ಎಸ್ಟೇಟಿನ ಮುತ್ತಮ್ಮ. ಗಂಡ ತೀರಿಕೊಂಡ ಮೇಲೆ ತೋಟವನ್ನೂ ಜೀಪನ್ನೂ ಒಬ್ಬರೇ ಓಡಿಸುವ ಕೊಡವ ಹೆಂಗಸು. ದಾಕ್ಷಾಯಿಣಿ ರವಿಕೆ ಹಾಕಿ ಸೀರೆ ಉಟ್ಟು ಹೊಸ್ತಿಲವರೆಗೂ ಬಂದಳು. ಅಲ್ಲಿ ನಿಂತಳು. ಕೈ ತಲೆಯ ಮೇಲೆ ಹೋಯಿತು.

"ಬಸಣ್ಣ, ನೀವು ಆ ಕಡೆ ತಿರುಗಿ ಮಾರಾಯ್ರೆ," ಎಂದು ಮುತ್ತಮ್ಮ ತಮ್ಮ ಬ್ಯಾಗಿನಿಂದ ಕೆಂಪು ವಸ್ತ್ರ ತೆಗೆದರು. ಹಬ್ಬಕ್ಕೆ ಕೊಡವ ಹೆಂಗಸರು ತಲೆಗೆ ಕಟ್ಟಿಕೊಳ್ಳುತ್ತಾರಲ್ಲ, ಅದು. ನಾನು ತಿರುಗಿ ನೋಡುವಷ್ಟರಲ್ಲಿ ಬೋಳು ತಲೆ ಮಾಯವಾಗಿ, ನೇರಳೆ ರವಿಕೆಯ ಮೇಲೆ ಕೆಂಪು ತಲೆವಸ್ತ್ರದ ಯಾರೋ ಯಜಮಾನಿ ನಿಂತಿದ್ದಳು. "ಚಾಯಿ ಉಂಡ್. ಚಂದ ಕಾಣ್ತೀರಿ," ಎಂದರು ಮುತ್ತಮ್ಮ. ನಾನು, "ನಮ್ಮ ಮನೆಯವಳು ಎಲ್ಲಿ? ಇವರು ಯಾರು?" ಎಂದೆ. ದಾಕ್ಷಾಯಿಣಿ ಹೊಸ್ತಿಲು ದಾಟಿದಳು.

ಕುಶಾಲನಗರ ದಾಟಿದ ಮೇಲೆ ಅವಳು ಎದೆಯ ಹತ್ತಿರ ಸೆರಗು ಸರಿಮಾಡಿಕೊಳ್ಳತೊಡಗಿದಳು. ಚುಚ್ಚುತ್ತಿದೆ ಎಂದಳು. ಹೊಸ ಹೊಲಿಗೆ, ಸರಿಹೋಗುತ್ತದೆ ಎಂದೆ.

ಆಸ್ಪತ್ರೆಯಲ್ಲಿ ಕೀಮೋಗೆ ಮೊದಲು ಗಾಯ ನೋಡಬೇಕೆಂದು ನರ್ಸಮ್ಮ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ನಾನೂ ಮುತ್ತಮ್ಮನೂ ಈಚೆ ನಿಂತೆವು. ಹುಕ್ ಬಿಚ್ಚಿದ ಸದ್ದು ಕೇಳಿತು. ಆಮೇಲೆ ನರ್ಸಮ್ಮನ ದನಿ:

"ಅಮ್ಮಾ... ಇದೇನಿದು? ಬೇರು ಬಿಟ್ಟಿದೆ!"

ಪರದೆಯ ಸಂದಿಯಿಂದ ನೋಡಿದೆ. ನರ್ಸಮ್ಮನ ಕೈಯಲ್ಲಿ ಆ ಚೀಲ. ಬಟ್ಟೆಯ ಕಣ್ಣುಗಳಿಂದ ಬಿಳಿಬಿಳಿ ಎಳೆಗಳು, ಮುದುಕನ ಗಡ್ಡದ ಹಾಗೆ, ಸುತ್ತಲೂ ಚಾಚಿಕೊಂಡಿದ್ದವು. ಒಂದೆರಡು ಕಡೆ ಹಸಿರು ಕೂಡ.

"ಬಸಣ್ಣ, ಏನು ಮಾಡಿಟ್ಟಿದ್ದೀರಿ ಮಾರಾಯ್ರೆ?" ಎಂದು ಮುತ್ತಮ್ಮ ಪಿಸುಗುಟ್ಟಿದರು. ಮುಗಿಯಿತು, ಎಂದುಕೊಂಡೆ. ಇನ್ನು ಇವಳು ಬೀರು ತೆಗೆಯುವುದಿಲ್ಲ, ಜೀಪು ಹತ್ತುವುದಿಲ್ಲ, ಗೋಡೆ ಕಡೆಯಿಂದ ತಿರುಗುವುದಿಲ್ಲ. ಊರಿನ ದೇವರನ್ನೆಲ್ಲ ಹೆಸರು ಹಿಡಿದು ಕರೆದೆ. ಪರದೆಯ ಹಿಂದಿನಿಂದ ಬಿಕ್ಕಿದ ಹಾಗೆ ಒಂದು ಸದ್ದು ಬಂತು. ಮತ್ತೊಂದು. ಅಳು ಎಂದೇ ತಿಳಿದು ಪರದೆ ಸರಿಸಿ ನುಗ್ಗಿದೆ.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಭುಜ ಕುಣಿಯುತ್ತಿತ್ತು. ನನ್ನನ್ನು ನೋಡಿದ್ದೇ ಸೆರಗು ಜಾರಿತು.

"ರೀ... ತಲೇಲಿ ಒಂದೂ ಹುಟ್ಲಿಲ್ಲ. ಇಲ್ಲಿ ನೋಡ್ರಿ, ಪೈರು ಬಂದೈತೆ!"

ಆಮೇಲೆ ಆ ಕೋಣೆಯನ್ನು ಹಿಡಿಯುವವರಿರಲಿಲ್ಲ. ನರ್ಸಮ್ಮ ಗೋಡೆಗೆ ಒರಗಿದರು. ಪಕ್ಕದ ಹಾಸಿಗೆಯಲ್ಲಿ ಡ್ರಿಪ್ ಹಾಕಿಸಿಕೊಂಡಿದ್ದ ಹುಣಸೂರು ಕಡೆಯ ಅಜ್ಜಿ, "ಕಳೆ ಕೀಳಾಕೆ ಆಳು ಬೇಕಾ ತಾಯಿ?" ಎಂದು ಕೂಗಿತು. ಬೋಳು ತಲೆಯ ಹೆಂಗಸರೆಲ್ಲ ಹಾಸಿಗೆಯಿಂದ ಹಾಸಿಗೆಗೆ ಆ ಚೀಲವನ್ನು ದಾಟಿಸಿ ನೋಡಿದರು. ಊರಿನಲ್ಲಿ ಕಣ ಸುತ್ತಿದ ಹಾಗೆ ಅದು ವಾರ್ಡು ಸುತ್ತಿ, ಅವಳ ಕೈಗೇ ವಾಪಸು ಬಂತು. ಡಾಕ್ಟರು ಬಂದು ಏನು ಗಲಾಟೆ ಎಂದಾಗ, ದಾಕ್ಷಾಯಿಣಿ ಕಣ್ಣು ಒರೆಸಿಕೊಂಡು, ತಾನೇ ಕೈ ಚಾಚಿ, "ಚುಚ್ಚಿ ಸಾರ್," ಎಂದಳು.

ವಾಪಸು ಬರುವಾಗ ಜೀಪಿನಲ್ಲಿ ನನ್ನ ಭುಜಕ್ಕೆ ಒರಗಿದ್ದಳು. ಸುಸ್ತು, ವಾಕರಿಕೆ. ಆದರೂ ಕಣ್ಣು ಮುಚ್ಚಿಯೇ ಕೇಳಿದಳು:

"ಬೇಕಂತ್ಲೇ ಮಾಡಿದ್ದು ತಾನೆ?"

"ಮತ್ತೇನಂದ್ಕೊಂಡೆ?"

"ಗೊತ್ತಿತ್ತು. ನಿಮ್ ಬುದ್ಧಿ ನಂಗೊತ್ತಿಲ್ವಾ."

ಆ ಪೈರನ್ನು ಬಚ್ಚಲ ಹಿಂದೆ ಸುರಿದಳು, ಕೋಳಿ ತಿಂದವು. ನೂರಿ ಹೊಸ ಚೀಲಕ್ಕೆ ತಾನೇ ರಾಗಿ ಹುರಿದು ತುಂಬಿ, "ಇದು ಮೊಳೆತ್ರೆ ನಾನು ಮಿಶಿನ್ ಮಾರ್ತೀನಿ," ಎಂದಳು. ಉಳಿದ ಕಣಗಳೆಲ್ಲ ಒಂದೊಂದಾಗಿ ರವಿಕೆಗಳಾದವು. ಅರಿಶಿನ ಬಣ್ಣದ್ದು, ಗಿಳಿ ಹಸಿರಿನದು, ಚೌಕುಳಿಯದು, ಊರಿನ ಎಲ್ಲ ಮನೆಯದೂ. ಪ್ರತಿ ಸುತ್ತಿಗೂ ಒಂದು ಹೊಸ ರವಿಕೆ. ಈ ಸಾರಿ ಯಾವ ಬೆಳೆ ಎಂದು ವಾರ್ಡಿನ ಹೆಂಗಸರು ಬಾಗಿಲು ಕಾಯುತ್ತಿದ್ದರು. ಎಲ್ಲ ಸುತ್ತೂ ಸುಲಭವಾಗಿರಲಿಲ್ಲ. ಒಂದು ಸಾರಿಯಂತೂ ಅವಳನ್ನು ಎತ್ತಿಕೊಂಡೇ ಜೀಪಿಗೆ ಹಾಕಿದೆವು. ಆದರೆ ಬರುವುದಿಲ್ಲ ಎಂದು ಮತ್ತೆ ಹೇಳಲಿಲ್ಲ. ಕಾರ್ತೀಕದ ಬಿಸಿಲಿಗೆ ಬೀರು ಖಾಲಿ ಮಾಡಿ ಅಂಗಳದಲ್ಲಿ ಬಟ್ಟೆ ಹರಡಿದಾಗ, ಅವಳ ತಲೆಯ ಮೇಲೂ ಬೂಷ್ಟು ಹಿಡಿದ ಹಾಗೆ ಬೆಳ್ಳಗೆ ಏನೋ ಕಾಣುತ್ತಿತ್ತು.

ಈಗ ಮನೆಗೆ ಬಂದವರಿಗೆಲ್ಲ ಅವಳು ಈ ಕಥೆ ಹೇಳುತ್ತಾಳೆ. "ಇಡೀ ಮೈಸೂರನ್ನೇ ನಗಿಸಿದ್ರು ನಮ್ಮ ಯಜಮಾನ್ರು, ಬೇಕಂತ್ಲೇ ಮಾಡಿದ್ದು." ನಾನು ಮೀಸೆ ತೀಡುತ್ತ ಕೂತಿರುತ್ತೇನೆ.

ಹಸು ಮೂತ್ರ ಮಾಡಿದ್ದು ನಿಜ. ಅಜ್ಜಿ ಕಳೆ ಕೀಳಲು ಆಳು ಬೇಕಾ ಎಂದದ್ದು ನಿಜ. ರಾಗಿ ಬೇರು ಬಿಟ್ಟದ್ದು ನಿಜ, ನೂರಿಯನ್ನು ಕೇಳಿ, ಮುತ್ತಮ್ಮನನ್ನು ಕೇಳಿ. ಇದರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ. ದಾಕ್ಷಾಯಿಣಿ ಕನ್ನಡಕ ಹಾಕಿಕೊಂಡು ಇದನ್ನು ಓದುತ್ತಾಳೆ, ಓದಲಿ. ಅದು ಕೀಟಲೆ ಅಲ್ಲವೇ ಅಲ್ಲ. ಏಣಿ ಹತ್ತಿ ಬಿತ್ತನೆ ರಾಗಿ ತೆಗೆದದ್ದು, ಮನೆಯಲ್ಲಿದ್ದ ರಾಗಿಯಲ್ಲೆಲ್ಲ ಒಳ್ಳೆಯದು ಅದೇ ಎಂದು. ಜೀವಮಾನವೆಲ್ಲ ಹೊಲ ಬಿತ್ತಿದವನಿಗೆ, ಬೀಜಕ್ಕೆ ನೀರು ಬಿದ್ದರೆ ಮೊಳೆಯುತ್ತದೆ ಎಂಬುದು ಆವತ್ತು ನೆನಪೇ ಆಗಲಿಲ್ಲ.